ಗಯಾನಾದ ತೈಲದ ದುಡ್ಡು ಜನರ ಕೈಗೆ ಹೇಗೆ ಸೇರಬೇಕು

2024ರ ಅಕ್ಟೋಬರ್‌ನಲ್ಲಿ ಗಯಾನಾ ಅಧ್ಯಕ್ಷ ಇರ್ಫಾನ್ ಅಲಿ ಪಾರ್ಲಿಮೆಂಟಲ್ಲಿ ನಿಂತು, ದೇಶದ ಪ್ರತಿ ಮನೆಗೂ 2 ಲಕ್ಷ ಗಯಾನಾ ಡಾಲರ್ ಕೊಡ್ತೀವಿ ಅಂತ ಅನೌನ್ಸ್ ಮಾಡಿದ್ರು. ಜನ ಖುಷಿ ಪಟ್ರು, ಜೊತೆಗೇ ಪ್ರಶ್ನೆಗಳೂ ಶುರುವಾದ್ವು. ಒಂದೇ ಸೂರಿನಡಿ ಮೂರು ಸಂಸಾರ ಇದ್ರೆ ಅದು ಒಂದು ಮನೆನಾ ಮೂರಾ, ಬಾಡಿಗೆ ರೂಮಲ್ಲಿ ಒಬ್ಬನೇ ಇರೋನಿಗೆ ಪೂರ್ತಿ ದುಡ್ಡಾ, ಚೆಕ್ ಯಾರ ಹೆಸರಿಗೆ ಬರೀತೀರಿ ಅಂತ. ಸುಮಾರು ಒಂದು ವಾರದಲ್ಲೇ ಲೆಕ್ಕ ಬದಲಾಯ್ತು, ಮನೆ ಲೆಕ್ಕ ಬೇಡ, 18 ವರ್ಷ ತುಂಬಿದ ಪ್ರತಿಯೊಬ್ಬ ಪ್ರಜೆಗೂ 1 ಲಕ್ಷ ಅಂತಾಯ್ತು. ಅಮೆರಿಕನ್ ಡಾಲರಲ್ಲಿ ಹೇಳೋದಾದ್ರೆ ಸುಮಾರು 480, ಆಗಿನ ನಮ್ಮ ರೂಪಾಯಿಯಲ್ಲಿ 40 ಸಾವಿರದ ಹತ್ತಿರ. ಆಮೇಲೆ ಊರೂರಲ್ಲಿ ಹೆಸರು ನೋಂದಾಯಿಸಿಕೊಂಡು ಚೆಕ್ ಹಂಚಿದ್ರು.

ಬಡ ಮನೆಗೆ ಇದು ಸಣ್ಣ ದುಡ್ಡಲ್ಲ, ಕೊಟ್ಟಿದ್ದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಒಂದು ವಾರದಲ್ಲಿ ಯಾರಿಗೆ ಎಷ್ಟು ಅನ್ನೋದು ಪೂರ್ತಿ ಬದಲಾಗಬಹುದು ಅಂದ್ರೆ, ಅಲ್ಲಿ ನಿಯಮ ಅಂತ ಯಾವ್ದೂ ಇರ್ಲಿಲ್ಲ ಅಂತಾನೇ ಅರ್ಥ. ಮುಂದಿನ ವರ್ಷ ಬರುತ್ತಾ, ಎಷ್ಟು ಬರುತ್ತೆ, ಯಾವಾಗ ಬರುತ್ತೆ, ಯಾರಿಗೂ ಗೊತ್ತಿಲ್ಲ. 2025ರ ಸೆಪ್ಟೆಂಬರ್ ಎಲೆಕ್ಷನ್ ಹತ್ತಿರ ಬಂದಾಗ ಇನ್ನೊಂದು ಲಕ್ಷದ ಭರವಸೆನೂ ಬಂತು. ನನ್ನ ವಾದ ಇರೋದು ಇಲ್ಲೇ: ಹೊಸದಾಗಿ ತೈಲ ಸಿಕ್ಕಿರೋ ದೇಶ ಅದರ ದುಡ್ಡಲ್ಲಿ ಒಂದು ಭಾಗವನ್ನ ನೇರವಾಗಿ ಜನರ ಕೈಗೆ ಕೊಡಬೇಕು, ಪ್ರತಿ ವರ್ಷ ಕೊಡಬೇಕು, ಎಷ್ಟು ಅನ್ನೋದನ್ನ ಕಾನೂನಲ್ಲಿ ಬರೆದಿಟ್ಟು ಕೊಡಬೇಕು, ಅಧ್ಯಕ್ಷರ ಭಾಷಣದಿಂದ ಅಲ್ಲ.

ಗಯಾನಾ ಅಂದ್ರೆ ನಮ್ಮಲ್ಲಿ ಬಹಳಷ್ಟು ಜನಕ್ಕೆ ಕ್ರಿಕೆಟ್ ಮೂಲಕ ಗೊತ್ತು, ಕ್ಲೈವ್ ಲಾಯ್ಡ್, ಕಾಳಿಚರಣ್, ಚಂದ್ರಪಾಲ್ ಎಲ್ಲ ಅಲ್ಲಿಯವರೇ. ದಕ್ಷಿಣ ಅಮೆರಿಕದ ಉತ್ತರ ತುದಿಯಲ್ಲಿದೆ, ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು, ಜನ ಮಾತ್ರ ಸುಮಾರು 8 ಲಕ್ಷ, ಅಂದ್ರೆ ನಮ್ಮ ಚಿಕ್ಕಮಗಳೂರು ಜಿಲ್ಲೆಗಿಂತಲೂ ಕಮ್ಮಿ. 1838ರಿಂದ ಶುರುವಾಗಿ ಕಬ್ಬಿನ ತೋಟದ ಕೂಲಿಗೆ ಅಂತ ಇಲ್ಲಿಂದ ಹಡಗು ಹತ್ತಿಸಿ ಕರ್ಕೊಂಡು ಹೋದವರ ಮೊಮ್ಮಕ್ಕಳ ಮಕ್ಕಳು ಇವತ್ತು ಅಲ್ಲಿನ ಜನಸಂಖ್ಯೆಯಲ್ಲಿ ಶೇ 40ರಷ್ಟಿದ್ದಾರೆ, ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಂಶದವರು ಶೇ 30ರಷ್ಟು, ಉಳಿದವರಲ್ಲಿ ಮಿಶ್ರ ಮೂಲದವರು ಮತ್ತು ಅಲ್ಲಿನ ಮೂಲನಿವಾಸಿಗಳು. ಈ ವಿಭಜನೆ ನೆನಪಲ್ಲಿಟ್ಕೊಳ್ಳಿ, ತೈಲದ ದುಡ್ಡಿನ ಚರ್ಚೆ ಕೊನೆಗೆ ಬಂದು ನಿಲ್ಲೋದು ಇದರ ಮೇಲೇ.

2015ರ ಮೇ ತಿಂಗಳಲ್ಲಿ ಎಕ್ಸಾನ್‌ಮೊಬಿಲ್ ಕಂಪನಿಗೆ ತೀರದಿಂದ ಸುಮಾರು 190 ಕಿಲೋಮೀಟರ್ ದೂರದಲ್ಲಿ, ಸ್ಟಾಬ್ರೋಕ್ ಅನ್ನೋ ಬ್ಲಾಕಲ್ಲಿ, ತೈಲ ಸಿಕ್ತು. 2019ರ ಡಿಸೆಂಬರ್‌ನಲ್ಲಿ ಉತ್ಪಾದನೆ ಶುರು. ಸಮುದ್ರದಲ್ಲೇ ನಿಂತು ತೈಲ ಎತ್ತೋ ಲೀಝಾ ಡೆಸ್ಟಿನಿ ಅನ್ನೋ ಮೊದಲ ಹಡಗು ದಿನಕ್ಕೆ 1.2 ಲಕ್ಷ ಬ್ಯಾರೆಲ್‌ಗೆ ಅಂತ ಕಟ್ಟಿದ್ದು, 2025ರ ಆಗಸ್ಟ್‌ನಲ್ಲಿ ನಾಲ್ಕನೇ ಹಡಗು ಕೆಲಸ ಶುರು ಮಾಡಿತು, ಈಗ ದಿನಕ್ಕೆ 9 ಲಕ್ಷ ಬ್ಯಾರೆಲ್ ಲೆಕ್ಕದ ಮಾತು ನಡೀತಿದೆ. ತಲೆಗೊಂದು ಬ್ಯಾರೆಲ್‌ಗಿಂತ ಜಾಸ್ತಿ, ಅದೂ ಪ್ರತಿ ದಿನ. 2022ರಲ್ಲಿ ದೇಶದ ಆರ್ಥಿಕತೆ ಒಂದೇ ವರ್ಷದಲ್ಲಿ ಶೇ 60ಕ್ಕೂ ಹೆಚ್ಚು ಬೆಳೀತು. ಆ ಬೆಳವಣಿಗೆ ರಾಜಧಾನಿ ಜಾರ್ಜ್‌ಟೌನ್‌ನ ಮನೆ ಬಾಡಿಗೆಯಲ್ಲಿ, ಹೊಸ ಹೋಟೆಲ್‌ಗಳಲ್ಲಿ ಚೆನ್ನಾಗೇ ಕಾಣ್ಸುತ್ತೆ, ಟೀಚರ್‌ಗಳ ಸಂಬಳದಲ್ಲಿ ಅಷ್ಟು ಕಾಣ್ಸಲ್ಲ. 2024ರಲ್ಲಿ ಅವರು ವಾರಗಟ್ಟಲೆ ಸ್ಟ್ರೈಕ್ ಮಾಡಿದ್ರು.

ಹಂಚೋ ಮಾತಿಗೆ ಮುಂಚೆ ದೇಶಕ್ಕೆ ಬರೋದೇ ಎಷ್ಟು ಅಂತ ನೋಡ್ಬೇಕು, ಯಾಕಂದ್ರೆ ಇಲ್ಲೇ ದೊಡ್ಡ ಪೆಟ್ಟು ಬಿದ್ದಿರೋದು. 2016ರಲ್ಲಿ ಮಾಡ್ಕೊಂಡ ಒಪ್ಪಂದದ ಪ್ರಕಾರ ಕಂಪನಿಗಳು ತಮ್ಮ ಖರ್ಚಿಗೆ ಅಂತ ಉತ್ಪಾದನೆಯ ಶೇ 75ರವರೆಗೆ ಮೊದಲೇ ತಗೊಳ್ಬಹುದು. ಉಳಿದ 25ರಲ್ಲಿ ಅರ್ಧ ಅರ್ಧ. ಅದರ ಮೇಲೆ ಶೇ 2 ರಾಯಲ್ಟಿ. ಅಂದ್ರೆ 100 ಡಾಲರ್ ತೈಲ ಮಾರಿದ್ರೆ ಸದ್ಯಕ್ಕೆ ಗಯಾನಾಕ್ಕೆ ಹನ್ನೆರಡೂವರೆ ಪ್ಲಸ್ ಎರಡು, ಹದಿನಾಲ್ಕೂವರೆ ಡಾಲರ್. ಇನ್ನೂ ಒಂದಿದೆ, ಕಂಪನಿಗಳು ಕಟ್ಟಬೇಕಾದ ಆದಾಯ ತೆರಿಗೆಯನ್ನೂ ಸರ್ಕಾರವೇ ತನ್ನ ಪಾಲಿನಿಂದ ಕಟ್ಟಿದ ಹಾಗೆ ಲೆಕ್ಕ ಹಾಕಿ ಅವರಿಗೆ ಸರ್ಟಿಫಿಕೇಟ್ ಕೊಡುತ್ತೆ. ಒಂದು ಬಾವಿಯಿಂದ ಬಂದ ದುಡ್ಡಲ್ಲಿ ಇನ್ನೊಂದು ಬಾವಿಯ ಖರ್ಚು ಕಳೀಬಹುದು, ಹಾಗಾಗಿ ಹೊಸ ಹೊಸ ಪ್ರಾಜೆಕ್ಟ್ ಶುರುವಾಗ್ತಾ ಹೋದಷ್ಟೂ ಖರ್ಚಿನ ಬಾಕಿ ತೀರೋದೇ ಮುಂದಕ್ಕೆ ಹೋಗ್ತಿರುತ್ತೆ. ಸಹಿ ಹಾಕಿದ್ದಕ್ಕೆ ಬಂದ 1.8 ಕೋಟಿ ಅಮೆರಿಕನ್ ಡಾಲರ್ ಬೋನಸ್ ವಿಷಯ ಜನಕ್ಕೆ ಗೊತ್ತಾಗಿದ್ದು 2017ರ ಕೊನೆಗೆ, ಒಪ್ಪಂದದ ಪ್ರತಿ ಹೊರಗೆ ಬಂದಿದ್ದೂ ಆಗಲೇ. ಆಗ ಅಧಿಕಾರದಲ್ಲಿ ಇದ್ದದ್ದು ಡೇವಿಡ್ ಗ್ರೇಂಜರ್ ಸರ್ಕಾರ. ವಿರೋಧ ಪಕ್ಷದಲ್ಲಿ ಕೂತು ಇದನ್ನ ಬೈತಿದ್ದ ಪಿಪಿಪಿ, ಅಂದ್ರೆ ಇರ್ಫಾನ್ ಅಲಿ ಅವರ ಪಕ್ಷ, 2020ರಲ್ಲಿ ಅಧಿಕಾರಕ್ಕೆ ಬಂತು, ಬಂದ್ಮೇಲೆ ಒಪ್ಪಂದ ಒಪ್ಪಂದವೇ, ಮುರಿಯೋಕಾಗಲ್ಲ ಅಂತು. ಹೊಸ ಬ್ಲಾಕ್‌ಗಳಿಗೆ 2023ರಲ್ಲಿ ಬೇರೆ ಮಾದರಿ ತಂದ್ರು, ಅದರಲ್ಲಿ ರಾಯಲ್ಟಿ ಶೇ 10, ಖರ್ಚಿನ ಮಿತಿ ಶೇ 65, ಮೇಲೆ ಶೇ 10 ಕಾರ್ಪೊರೇಟ್ ತೆರಿಗೆ. ಈ ಹೊಸ ಷರತ್ತು ಹಳೇ ಷರತ್ತು ಪಕ್ಕಪಕ್ಕ ಇಟ್ಟು ನೋಡಿದ್ರೆ 2016ರಲ್ಲಿ ಎಷ್ಟು ಬಿಟ್ಟುಕೊಟ್ರು ಅನ್ನೋದು ಸರ್ಕಾರದ ಬಾಯಿಂದಲೇ ಗೊತ್ತಾಗುತ್ತೆ.

ಖರ್ಚಿನ ಲೆಕ್ಕ ಅಂದ್ನಲ್ಲ, ಅದರ ಒಂದು ಉದಾಹರಣೆ. 1999ರಿಂದ 2017ರವರೆಗೆ ಕಂಪನಿಗಳು ತೋರಿಸಿದ 167 ಕೋಟಿ ಅಮೆರಿಕನ್ ಡಾಲರ್ ಖರ್ಚನ್ನ ಆಡಿಟ್ ಮಾಡಿದಾಗ 21.4 ಕೋಟಿ ಡಾಲರ್ ಖರ್ಚಿಗೆ ಸರಿಯಾದ ಆಧಾರ ಇಲ್ಲ ಅಂತ ಬಂತು. ಆಮೇಲೆ ಆ ಮೊತ್ತ ಬರೀ 30 ಲಕ್ಷ ಡಾಲರ್‌ಗೆ ಇಳಿದಿದೆ ಅನ್ನೋ ಸುದ್ದಿ ಬಂದು ದೊಡ್ಡ ಗಲಾಟೆ ಆಯ್ತು. ಯೋಚನೆ ಮಾಡಿ, 21 ಕೋಟಿ ಡಾಲರ್ ಅಂದ್ರೆ ಒಬ್ಬ ಸಾಮಾನ್ಯ ಕಬ್ಬಿನ ಕೆಲಸಗಾರನಿಗೆ ಏನೂ ಅನ್ಸಲ್ಲ, ಪೇಪರಲ್ಲಿ ಬಂದ ಒಂದು ನಂಬರ್ ಅಷ್ಟೇ. ಅದೇ ಪ್ರತಿ ವರ್ಷ ತನ್ನ ಖಾತೆಗೆ ಬರೋ ದುಡ್ಡು ಈ ಲೆಕ್ಕದ ಮೇಲೇ ನಿಂತಿದೆ ಅಂದ್ರೆ ಅವನು ಆಡಿಟ್ ಏನಾಯ್ತು ಅಂತ ಕೇಳೇ ಕೇಳ್ತಾನೆ. ನೇರ ಹಂಚಿಕೆ ಬೇಕು ಅಂತ ನಾನು ಹೇಳೋಕೆ ಬಡತನಕ್ಕಿಂತಲೂ ದೊಡ್ಡ ಕಾರಣ ಇದು.

ಬಂದ ದುಡ್ಡು ಹೋಗಿ ಸೇರೋದು ನ್ಯಾಚುರಲ್ ರಿಸೋರ್ಸ್ ಫಂಡ್ ಅನ್ನೋ ಖಾತೆಗೆ, ಇರೋದು ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್ ಬ್ಯಾಂಕಲ್ಲಿ. ಇದರ ಕಾನೂನು 2021ರ ಡಿಸೆಂಬರ್ ಕೊನೆಯಲ್ಲಿ ಪಾಸಾಗಿದ್ದು, ಆ ದಿನ ಪಾರ್ಲಿಮೆಂಟಲ್ಲಿ ವಿರೋಧ ಪಕ್ಷದವರು ಸ್ಪೀಕರ್ ಮುಂದಿನ ರಾಜದಂಡವನ್ನೇ ಎಳ್ಕೊಂಡು ಹೋಗೋಕೆ ನೋಡಿದ್ರು, ಅಷ್ಟು ಗದ್ದಲ. ಕಾನೂನಲ್ಲಿ ಒಳ್ಳೇದೂ ಇದೆ, ಬಂದ ಹಣದ ವಿವರವನ್ನ ಗೆಜೆಟ್‌ನಲ್ಲಿ ಮೂರು ತಿಂಗಳೊಳಗೆ ಪ್ರಕಟಿಸದಿದ್ರೆ ಮಂತ್ರಿಗೆ ಹತ್ತು ವರ್ಷದವರೆಗೆ ಜೈಲು ಅಂತ ಬರೆದಿದ್ದಾರೆ. ಆದ್ರೆ ವರ್ಷಕ್ಕೆ ಎಷ್ಟು ತೆಗೀಬಹುದು ಅನ್ನೋ ಫಾರ್ಮುಲಾ ಇದ್ಯಲ್ಲ, ಅದನ್ನ 2024ರ ಶುರುವಲ್ಲೇ ಸಡಿಲ ಮಾಡಿ ಮಿತಿ ಏರಿಸಿದ್ರು, ಕಾನೂನಿಗೆ ಎರಡೂವರೆ ವರ್ಷ ಕೂಡ ತುಂಬಿರ್ಲಿಲ್ಲ. ಸರಳ ಬಹುಮತದಿಂದ ಬರೆದ ನಿಯಮವನ್ನ ಸರಳ ಬಹುಮತದಿಂದಲೇ ಅಳಿಸಬಹುದು.

ಸರ್ಕಾರವೇ ಖರ್ಚು ಮಾಡ್ಲಿ, ಜನಕ್ಕೆ ಯಾಕೆ ಹಂಚಬೇಕು ಅನ್ನೋ ವಾದವನ್ನ ತಳ್ಳಿಹಾಕೋಕೆ ಆಗಲ್ಲ. ಜಾರ್ಜ್‌ಟೌನ್ ಮತ್ತು ಸುತ್ತಲಿನ ಕರಾವಳಿ ಪಟ್ಟಿ ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಡಚ್ಚರ ಕಾಲದಿಂದ ಅಲ್ಲಿ ಸಮುದ್ರಕ್ಕೆ ಅಡ್ಡ ಗೋಡೆ, ಕಾಲುವೆ, ಕಾಲುವೆ ಬಾಯಿಗೆ ಕೋಕರ್ ಅಂತ ಕರೆಯೋ ತೂಬಿನ ಬಾಗಿಲು. ಇಳಿತದ ಹೊತ್ತಿಗೆ ಬಾಗಿಲು ಎತ್ತಿ ಒಳಗಿನ ನೀರು ಹೊರಗೆ ಬಿಡ್ಬೇಕು, ಉಬ್ಬರ ಬರೋದ್ರೊಳಗೆ ಇಳಿಸ್ಬೇಕು, ಕೋಕರ್ ಕೆಟ್ಟು ನಿಂತ ದಿನ ಜೋರು ಮಳೆ ಬಂದ್ರೆ ಬೀದಿಗೆ ನೀರು. 2005ರಲ್ಲಿ, 2021ರಲ್ಲಿ ದೊಡ್ಡ ಪ್ರವಾಹಗಳನ್ನ ನೋಡಿದ ಜನ ಅವರು. ಇಂಥ ಕೆಲಸ ಯಾರೂ ತಮ್ಮ ಪಾಲಿನ ದುಡ್ಡಲ್ಲಿ ಮಾಡ್ಕೊಳ್ಳೋಕೆ ಆಗಲ್ಲ, ಸರ್ಕಾರವೇ ಮಾಡ್ಬೇಕು. ಆಸ್ಪತ್ರೆ, ಸೇತುವೆ, ಕರೆಂಟ್ ಕೂಡ ಹಾಗೇ. 2025ರಿಂದ ಗಯಾನಾ ಯೂನಿವರ್ಸಿಟಿಯಲ್ಲಿ ಫೀಸ್ ತೆಗೆದುಹಾಕಿದ್ದಾರೆ, ಓದಿದವರೆಲ್ಲ ನ್ಯೂಯಾರ್ಕ್, ಟೊರಾಂಟೊಗೆ ಹೋಗಿಬಿಡೋ ದೇಶದಲ್ಲಿ ಇದು ಒಳ್ಳೇ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ.

ಸಮಸ್ಯೆ ಏನಂದ್ರೆ ಅಲ್ಲಿನ ರಾಜಕೀಯ. ಪಿಪಿಪಿಗೆ ಮುಖ್ಯವಾಗಿ ಭಾರತೀಯ ಮೂಲದವರ ಓಟು, ಪಿಎನ್‌ಸಿ ನೇತೃತ್ವದ ಕೂಟಕ್ಕೆ ಆಫ್ರಿಕನ್ ಮೂಲದವರ ಓಟು, ದಶಕಗಳಿಂದ ಹೀಗೇ. 2020ರ ಮಾರ್ಚ್ 2ಕ್ಕೆ ನಡೆದ ಎಲೆಕ್ಷನ್‌ನ ಫಲಿತಾಂಶ ಬರೋಕೆ ಐದು ತಿಂಗಳು ಹಿಡೀತು, ತೈಲ ಶುರುವಾದ ಬೆನ್ನಿಗೇ ಬಂದ ಎಲೆಕ್ಷನ್ ಅದು, ಎರಡೂ ಕಡೆಯವರಿಗೆ ಸೋತ್ರೆ ಏನು ಕಳ್ಕೊಳ್ತೀವಿ ಅನ್ನೋದು ಚೆನ್ನಾಗಿ ಗೊತ್ತಿತ್ತು. ಇಂಥ ಕಡೆ ಎಲ್ಲ ದುಡ್ಡೂ ಸರ್ಕಾರದ ಕೈಲೇ ಇದ್ರೆ, ರಸ್ತೆ ಯಾವ ಊರಿಗೆ ಬಂತು, ಕಾಂಟ್ರಾಕ್ಟ್ ಯಾರಿಗೆ ಸಿಕ್ತು, ಕೆಲಸ ಯಾರ ಮಗನಿಗೆ ಸಿಕ್ತು ಅನ್ನೋದೆಲ್ಲ ನಮ್ಮವರು ಅವರವರು ಅನ್ನೋ ಲೆಕ್ಕಕ್ಕೆ ಬಂದುಬಿಡುತ್ತೆ. ಸರ್ಕಾರ ಪ್ರಾಮಾಣಿಕವಾಗೇ ಮಾಡಿದ್ರೂ ಎದುರಿನವರು ನಂಬಲ್ಲ. ತಲೆಗಿಷ್ಟು ಅಂತ ಸಮನಾಗಿ ಕೊಟ್ಟ ದುಡ್ಡಲ್ಲಿ ಮಾತ್ರ ಯಾರಿಗೂ ಅನುಮಾನ ಪಡೋಕೆ ಜಾಗ ಇರಲ್ಲ.

ಈ ಯೋಚನೆ ಹೊರಗಿನಿಂದ ಬಂದಿದ್ದೇನಲ್ಲ. ಗಯಾನಾದ್ದೇ ಹಿರಿಯ ಅರ್ಥಶಾಸ್ತ್ರಜ್ಞ ಕ್ಲೈವ್ ಥಾಮಸ್ 2018ರ ಆಗಸ್ಟ್‌ನಲ್ಲಿ, ಇನ್ನೂ ಒಂದು ಬ್ಯಾರೆಲ್ ತೈಲನೂ ಹೊರಗೆ ಬರೋ ಮುಂಚೆ, ಪ್ರತಿ ಮನೆಗೆ ವರ್ಷಕ್ಕೆ 5,000 ಅಮೆರಿಕನ್ ಡಾಲರ್‌ವರೆಗೆ ಕೊಡಬಹುದು ಅಂತ ಬಕ್ಸ್‌ಟನ್ ಅನ್ನೋ ಊರಲ್ಲಿ ಪ್ರಸ್ತಾಪ ಇಟ್ಟಿದ್ರು. ಆ ಊರಿಗೇ ಒಂದು ಇತಿಹಾಸ ಇದೆ, 1840ರಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಆದ ಜನ ತಮ್ಮ ತಮ್ಮ ಉಳಿತಾಯ ಕೂಡಿಸಿ ಒಂದು ಎಸ್ಟೇಟನ್ನೇ ಕೊಂಡು ಊರು ಮಾಡ್ಕೊಂಡಿದ್ದು ಅದು. ಥಾಮಸ್ ಮಾತನ್ನ ಆವಾಗ ಎರಡೂ ದೊಡ್ಡ ಪಕ್ಷಗಳು ಗಂಭೀರವಾಗಿ ತಗೊಳ್ಳಲಿಲ್ಲ, ದುಡ್ಡು ಕೊಟ್ರೆ ಜನ ಸೋಮಾರಿಗಳಾಗ್ತಾರೆ, ಕುಡಿದು ಹಾಳು ಮಾಡ್ತಾರೆ ಅನ್ನೋ ಮಾತುಗಳೇ ಜಾಸ್ತಿ ಕೇಳಿಬಂದ್ವು. ಆರು ವರ್ಷ ಆದ್ಮೇಲೆ ದುಡ್ಡೇನೋ ಹಂಚಿದ್ರು, ನಿಯಮ ಮಾತ್ರ ಬರಲಿಲ್ಲ.

ಆಮೇಲೆ ನಮ್ಮ ಅರವಿಂದ್ ಸುಬ್ರಮಣಿಯನ್, ಮುಂದೆ ಕೇಂದ್ರ ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರರಾದ್ರಲ್ಲ ಅವರೇ, 2003ರಲ್ಲಿ ಅರ್ಥಶಾಸ್ತ್ರಜ್ಞ ಸಾಲಾ ಐ ಮಾರ್ಟಿನ್ ಜೊತೆ ಸೇರಿ ನೈಜೀರಿಯಾ ಬಗ್ಗೆ ಇದನ್ನೇ ಹೇಳಿದ್ರು. ಮೂರು ದಶಕಕ್ಕೂ ಹೆಚ್ಚು ಕಾಲ ತೈಲ ಮಾರಿ ಲಕ್ಷಾಂತರ ಕೋಟಿ ಬಂದ್ರೂ ನೈಜೀರಿಯಾದಲ್ಲಿ ದಿನಕ್ಕೆ ಒಂದು ಡಾಲರ್‌ಗಿಂತ ಕಮ್ಮಿಯಲ್ಲಿ ಬದುಕೋರ ಪ್ರಮಾಣ 1970ರಲ್ಲಿ ಶೇ 36ರ ಆಸುಪಾಸು ಇದ್ದದ್ದು 2000ದ ಹೊತ್ತಿಗೆ ಶೇ 70ರ ಹತ್ತಿರ ಬಂದಿತ್ತು. ಹೀಗಿರೋವಾಗ ಆ ದುಡ್ಡನ್ನ ನೇರವಾಗಿ ಪ್ರಜೆಗಳಿಗೇ ಸಮನಾಗಿ ಹಂಚಿಬಿಡಿ ಅನ್ನೋದು ಅವರ ವಾದ. ಎಲ್ಲವನ್ನೂ ಹಂಚಬೇಕು ಅನ್ನೋವಷ್ಟು ದೂರ ನಾನು ಹೋಗಲ್ಲ, ಕಾರಣ ಆ ಕೋಕರ್ ಬಾಗಿಲುಗಳು.

ಹಂಚಿ ಕೆಟ್ಟ ದೇಶಗಳೂ ಇವೆ. ಮಂಗೋಲಿಯಾದಲ್ಲಿ 2008ರ ಎಲೆಕ್ಷನ್‌ಗೆ ಒಂದು ಪಕ್ಷ ತಲೆಗೆ 10 ಲಕ್ಷ ತುಗ್ರಿಕ್ ಅಂತು, ಎದುರಿನ ಪಕ್ಷ 15 ಲಕ್ಷ ಅಂತು. ಗಣಿಯಿಂದ ಇನ್ನೂ ಆ ಮಟ್ಟದ ದುಡ್ಡೇ ಬಂದಿರ್ಲಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು ಹ್ಯೂಮನ್ ಡೆವಲಪ್‌ಮೆಂಟ್ ಫಂಡ್ ಅಂತ ಮಾಡಿ ತಿಂಗಳಿಗೆ 21,000 ತುಗ್ರಿಕ್ ಹಂಚೋಕೆ ಶುರು ಮಾಡಿದ್ರು, ಬರಬೇಕಿದ್ದ ಆದಾಯದ ಮೇಲೆ ಮುಂಗಡ, ಸಾಲ ಮಾಡಿದ್ರು, ಬೆಲೆ ಏರ್ತು, 2012ರಲ್ಲಿ ನಿಂತುಹೋಯ್ತು. ಇರಾನ್ 2010ರಲ್ಲಿ ಪೆಟ್ರೋಲ್, ಬ್ರೆಡ್ ಸಬ್ಸಿಡಿ ಕಿತ್ತು ತಲೆಗೆ ತಿಂಗಳಿಗೆ 4,55,000 ರಿಯಾಲ್ ಕೊಡೋಕೆ ಶುರು ಮಾಡಿತು, ಮೊದಮೊದಲು ಬಡವರಿಗೆ ನಿಜಕ್ಕೂ ಆಸರೆ ಆಯ್ತು, ಆದ್ರೆ ಮೊತ್ತ ಅಷ್ಟಕ್ಕೇ ನಿಂತಿತ್ತು, ರಿಯಾಲ್ ಕುಸೀತಾ ಹೋಯ್ತು, ಕೆಲವೇ ವರ್ಷಕ್ಕೆ ಆ ದುಡ್ಡಲ್ಲಿ ಏನೂ ಬರದ ಹಾಗಾಯ್ತು. ಎರಡೂ ಕಡೆ ತಪ್ಪು ಒಂದೇ ಜಾತಿದು, ಮೊತ್ತವನ್ನ ಮೊದಲು ಘೋಷಿಸಿದ್ರು, ಆದಾಯಕ್ಕೂ ಅದಕ್ಕೂ ನಂಟೇ ಇಡ್ಲಿಲ್ಲ.

ಸರಿಯಾಗಿ ಮಾಡಿದ್ದು ಅಮೆರಿಕದ ಅಲಾಸ್ಕಾ ರಾಜ್ಯ. ಅಲ್ಲೂ ಶುರು ಚೆನ್ನಾಗಿರಲಿಲ್ಲ, 1969ರಲ್ಲಿ ಪ್ರೂಡೋ ಬೇ ಜಾಗವನ್ನ ಹರಾಜು ಹಾಕಿ ಬಂದ 90 ಕೋಟಿ ಡಾಲರ್ ಕೆಲವೇ ವರ್ಷದಲ್ಲಿ ಖರ್ಚಾಗಿಹೋಗಿತ್ತು, ಎಲ್ಲಿ ಹೋಯ್ತು ಅಂತ ಜನ ಕೇಳ್ತಿದ್ರು. ಆ ಸಿಟ್ಟಲ್ಲೇ 1976ರ ನವೆಂಬರ್‌ನಲ್ಲಿ ಜನ ಓಟು ಹಾಕಿ ರಾಜ್ಯದ ಸಂವಿಧಾನ ತಿದ್ದಿದ್ರು, ತೈಲದ ರಾಯಲ್ಟಿಯಲ್ಲಿ ಕನಿಷ್ಠ ಕಾಲುಭಾಗ ಶಾಶ್ವತ ನಿಧಿಗೆ, ಅಸಲು ಮುಟ್ಟೋ ಹಾಗಿಲ್ಲ. ಪೈಪ್‌ಲೈನಲ್ಲಿ ತೈಲ ಹರಿದಿದ್ದು 1977ರಲ್ಲಿ, ಅಂದ್ರೆ ನಿಯಮ ಮೊದಲು ಬಂತು, ದುಡ್ಡು ಆಮೇಲೆ ಬಂತು. 1982ರಲ್ಲಿ ಮೊದಲ ಡಿವಿಡೆಂಡ್, ಅಂದ್ರೆ ಜನರ ಕೈಗೇ ಬರೋ ಪಾಲು, ತಲೆಗೆ 1,000 ಡಾಲರ್, ಮಕ್ಕಳಿಗೂ ಸೇರಿಸಿ. ಮೊದಲು ಎಷ್ಟು ವರ್ಷದಿಂದ ಅಲ್ಲಿದ್ದಾರೋ ಅಷ್ಟು ಜಾಸ್ತಿ ಅಂತ ಲೆಕ್ಕ ಹಾಕಿದ್ರು, ಅಮೆರಿಕದ ಸುಪ್ರೀಂ ಕೋರ್ಟ್ ಆಗಲ್ಲ ಅಂತು, ಎಲ್ಲರಿಗೂ ಸಮ ಆಯ್ತು. ನಲವತ್ತು ವರ್ಷದ ಮೇಲಾಯ್ತು, ಪ್ರತಿ ವರ್ಷ ಬರ್ತಿದೆ, ಮೊತ್ತ ಏರುತ್ತೆ ಇಳಿಯುತ್ತೆ. 2016ರಲ್ಲಿ ಗವರ್ನರ್ ಬಿಲ್ ವಾಕರ್ ಇದನ್ನ ಅರ್ಧಕ್ಕೆ ಇಳಿಸಿದಾಗ ಜನ ಎಷ್ಟು ಸಿಟ್ಟಾದ್ರು ಅಂದ್ರೆ ಅವತ್ತಿಂದ ಇವತ್ತಿನವರೆಗೆ ಅಲ್ಲಿನ ಎಲೆಕ್ಷನ್‌ಗಳಲ್ಲಿ ಡಿವಿಡೆಂಡ್ ದೊಡ್ಡ ವಿಷಯವಾಗೇ ಉಳಿದಿದೆ. ಇದರಲ್ಲೊಂದು ಪಾಠನೂ ಇದೆ, ನಿಧಿಯ ಅಸಲಿಗೆ ಸಂವಿಧಾನದ ರಕ್ಷಣೆ ಇತ್ತು, ಡಿವಿಡೆಂಡ್‌ಗೆ ಇರ್ಲಿಲ್ಲ, ಅದು ಬರೀ ಮಾಮೂಲಿ ಕಾನೂನು, ಅದಕ್ಕೇ ಒಬ್ಬ ಗವರ್ನರ್ ಕತ್ತರಿಸೋಕೆ ಆಯ್ತು.

ಗಯಾನಾಕ್ಕೆ ಇದನ್ನ ಹೊಂದಿಸಿ ನೋಡೋಣ. 2025ರ ಬಜೆಟ್‌ಗೆ ಅಂತ ನಿಧಿಯಿಂದ ತೆಗೆಯೋಕೆ ಇಟ್ಟ ಮೊತ್ತ ಹತ್ತಿರ ಹತ್ತಿರ 250 ಕೋಟಿ ಅಮೆರಿಕನ್ ಡಾಲರ್. ಅದರಲ್ಲಿ ಕಾಲುಭಾಗ ಅಂದ್ರೆ ಸುಮಾರು 60 ಕೋಟಿ, ವಯಸ್ಕರು 6 ಲಕ್ಷ ಅಂತ ಇಟ್ಕೊಂಡ್ರೆ ತಲೆಗೆ ವರ್ಷಕ್ಕೆ 1,000 ಡಾಲರ್, ಗಯಾನಾ ಡಾಲರಲ್ಲಿ 2 ಲಕ್ಷದ ಮೇಲೆ. ಕೋಕರ್‌ಗೆ, ಆಸ್ಪತ್ರೆಗೆ ಮುಕ್ಕಾಲು ಭಾಗ ಹಾಗೇ ಉಳಿಯುತ್ತೆ. ಮೊತ್ತವನ್ನ ಡಾಲರಲ್ಲಿ ಗಟ್ಟಿ ಮಾಡಬಾರದು, ಕಾಲುಭಾಗ ಅನ್ನೋದನ್ನ ಮಾತ್ರ ಗಟ್ಟಿ ಮಾಡ್ಬೇಕು, ತೈಲದ ಬೆಲೆ ಬಿದ್ದ ವರ್ಷ ಪಾಲೂ ಕಮ್ಮಿ, ಜಾಸ್ತಿ ಬಂದ ವರ್ಷ ಜಾಸ್ತಿ. ಮೂರೋ ಐದೋ ವರ್ಷದ ಸರಾಸರಿ ತಗೊಂಡ್ರೆ ಏರಿಳಿತದ ಹೊಡೆತನೂ ತಗ್ಗುತ್ತೆ. ಸಾಲ ಮಾಡಿ ಹಂಚೋಕೆ ಅವಕಾಶನೇ ಇರಬಾರದು.

ಮನೆಗೆ ಕೊಡಬೇಕಾ ತಲೆಗೆ ಕೊಡಬೇಕಾ ಅನ್ನೋದ್ರಲ್ಲಿ ಗಯಾನಾ ಕೊನೆಗೆ ಬಂದು ನಿಂತ ಜಾಗ ಸರಿ ಇದೆ. ಗೃಹಲಕ್ಷ್ಮಿ ಶುರುವಾದಾಗ ಮನೆ ಯಜಮಾನಿ ಅತ್ತೆನಾ ಸೊಸೆನಾ ಅಂತ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಮಾತು ಬೆಳೀತು, ಕಾರ್ಡ್ ಬೇರೆ ಮಾಡಿಸೋಕೆ ಎಷ್ಟು ಜನ ಓಡಾಡಿದ್ರು ನೋಡಿದ್ದೀವಲ್ಲ. ತಲೆಗಿಷ್ಟು ಅಂದ್ರೆ ಹೆಂಗಸರ ಪಾಲು ಅವರ ಹೆಸರಿಗೇ ಬರುತ್ತೆ, ಚೆಕ್ ಬದಲು ಖಾತೆಗೋ ಮೊಬೈಲ್‌ಗೋ ನೇರ ಹಾಕಿದ್ರೆ ಇನ್ನೂ ವಾಸಿ. ಒಳನಾಡಿನ ರೂಪುನುನಿ ಕಡೆ ಬ್ಯಾಂಕಿಗೆ ಹೋಗೋದೇ ಒಂದು ಪ್ರಯಾಣ, ಅಲ್ಲಿನ ಮೂಲನಿವಾಸಿ ಊರುಗಳಿಗೆ ಬೇರೆ ವ್ಯವಸ್ಥೆ ಬೇಕೇ ಬೇಕು. ವಿದೇಶದಲ್ಲಿ ನೆಲೆಸಿರೋ ಲಕ್ಷಾಂತರ ಗಯಾನಾದವರಿಗೂ ಕೊಡಬೇಕಾ ಅಂದ್ರೆ ಬೇಡ, ವರ್ಷದ ಬಹುಭಾಗ ದೇಶದಲ್ಲಿ ಇರೋರಿಗೆ ಮಾತ್ರ ಅನ್ನೋದು ನನ್ನ ಅಭಿಪ್ರಾಯ, ಅಲಾಸ್ಕಾದಲ್ಲೂ ಅಲ್ಲೇ ವಾಸ ಇರೋರಿಗೇ ಕೊಡೋದು.

ಬೆಲೆ ಏರಿಕೆ ಭಯ ಇದ್ದೇ ಇದೆ, ಡಾಲರ್ ಒಳಗೆ ಹರಿದಷ್ಟೂ ಬೇರೆ ಉದ್ಯೋಗಗಳಿಗೆ ಏಟು. ಆದ್ರೆ ಸರ್ಕಾರ ಅದೇ ದುಡ್ಡನ್ನ ಸಿಮೆಂಟ್‌ಗೆ ಸುರಿದ್ರೂ ಇದೇ ಆಗೋದು. ಸಕ್ಕರೆ ಕಂಪನಿ ಗೈಸುಕೋದ ಕೆಲವು ಎಸ್ಟೇಟ್‌ಗಳನ್ನ ತೈಲಕ್ಕೆ ಮುಂಚೆನೇ, 2016-17ರಲ್ಲಿ ಮುಚ್ಚಿದ್ರು, ಸಾವಿರಾರು ಜನ ಕೆಲಸ ಕಳ್ಕೊಂಡ್ರು. ಅವರಲ್ಲಿ ಎಲ್ಲರೂ ತೈಲದ ಹಡಗಲ್ಲಿ ಕೆಲಸಕ್ಕೆ ಸೇರೋಕಾಗಲ್ಲ, ಅದಕ್ಕೆ ಬೇಕಾದ ಜನವೇ ಕಮ್ಮಿ. ಕಬ್ಬು ಕಡಿದು ಬೆಳೆದವರಿಗೆ ವರ್ಷಕ್ಕೆ ಸಾವಿರ ಡಾಲರ್ ಖಾತ್ರಿ ಅಂತಿದ್ರೆ ಒಂದು ಅಂಗಡಿನೋ ಕೋಳಿ ಫಾರಮ್ಮೋ ಧೈರ್ಯ ಮಾಡಬಹುದು, ಬರುತ್ತೋ ಇಲ್ವೋ ಗೊತ್ತಿಲ್ಲದ ದುಡ್ಡನ್ನ ನಂಬ್ಕೊಂಡು ಯಾರೂ ಧೈರ್ಯ ಮಾಡಲ್ಲ.

ದುಡ್ಡು ಊರಿನ ಹೆಸರಲ್ಲಿ ಇಟ್ರೆ ಸಾಕು, ಹಂಚೋದು ಬೇಡ ಅನ್ನೋರಿಗೆ ಬಳ್ಳಾರಿ ಕಡೆ ನೋಡಿ ಅಂತೀನಿ. 2015ರ ಕಾನೂನಿನ ಪ್ರಕಾರ ಗಣಿ ಜಿಲ್ಲೆಗಳಲ್ಲಿ ಡಿಎಂಎಫ್ (ಜಿಲ್ಲಾ ಖನಿಜ ಪ್ರತಿಷ್ಠಾನ) ನಿಧಿ ಇದೆ, ಹರಾಜಾದ ಗಣಿಗಳಿಂದ ರಾಯಲ್ಟಿಯ ಶೇ 10, ಹಳೇ ಗಣಿಗಳಿಂದ ಶೇ 30 ಅದಕ್ಕೆ ಬರುತ್ತೆ. ಸಂಡೂರಿನ ಸುತ್ತಮುತ್ತ ಅದಿರಿನ ಲಾರಿಗಳ ಕೆಂಪು ಧೂಳು ತಿಂದು ಬದುಕಿದ ಊರಿನ ಜನಕ್ಕೆ ಆ ನಿಧಿಯಲ್ಲಿ ಎಷ್ಟಿದೆ, ಯಾವ ಕೆಲಸಕ್ಕೆ ಹೋಯ್ತು ಅಂತ ಕೇಳಿ ನೋಡಿ, ಹೇಳೋರು ಕಮ್ಮಿ. ದುಡ್ಡು ಅವರ ಹೆಸರಲ್ಲೇ ಇದೆ, ಆದ್ರೆ ಅದರ ಲೆಕ್ಕ ಕೇಳೋಕೆ ಅವರಿಗೆ ದಾರಿನೂ ಇಲ್ಲ, ಕಾರಣನೂ ಕೊಟ್ಟಿಲ್ಲ.

ಗಯಾನಾಕ್ಕೆ ಇದು ಈಗಲೇ ಆಗಬೇಕಾದ ಕೆಲಸ ಯಾಕೆ ಅಂದ್ರೆ, ಕಂಪನಿಗಳ ಖರ್ಚಿನ ಬಾಕಿ ಒಂದಲ್ಲ ಒಂದು ದಿನ ತೀರುತ್ತೆ, ಆಗ ಆ ಶೇ 75ರ ದೊಡ್ಡ ಭಾಗ ಲಾಭದ ಲೆಕ್ಕಕ್ಕೆ ಬಂದು ದೇಶದ ಪಾಲು ಹದಿನಾಲ್ಕೂವರೆಯಿಂದ ಮೇಲಕ್ಕೆ ಜಿಗಿಯುತ್ತೆ. ಅಷ್ಟು ದುಡ್ಡು ಕೈಗೆ ಬಂದ್ಮೇಲೆ ಯಾವ ಸರ್ಕಾರನೂ ತನ್ನ ಕೈ ತಾನೇ ಕಟ್ಟಿಹಾಕ್ಕೊಳ್ಳಲ್ಲ. ನಿಯಮವನ್ನ ಮೂರನೇ ಎರಡರಷ್ಟು ಬಹುಮತ ಇಲ್ದೆ ಬದಲಾಯಿಸೋಕಾಗದ ಹಾಗೆ ಸಂವಿಧಾನದಲ್ಲಿ ಬರೀಬೇಕು. 2025ರ ಎಲೆಕ್ಷನ್ ಆದ್ಮೇಲೆ 65 ಸೀಟಿನ ಪಾರ್ಲಿಮೆಂಟಲ್ಲಿ ಪಿಪಿಪಿಗೆ 36, ಹೊಸ ಪಕ್ಷ ವಿನ್‌ಗೆ 16, ಪಿಎನ್‌ಸಿ ನೇತೃತ್ವದ ಎಪಿಎನ್‌ಯು ಕೂಟಕ್ಕೆ 12. ಬೇಕಿರೋದು 44. ಪಿಪಿಪಿ ಒಂಟಿಯಾಗಿ ಮಾಡೋಕಾಗಲ್ಲ, ಎದುರಿನ ಎರಡರಲ್ಲಿ ಒಂದು ಪಕ್ಷ ಬಂದ್ರೂ ಸಾಕು, ಆಮೇಲೆ ಯಾರು ಗೆದ್ರೂ ಅದನ್ನ ಒಬ್ಬರೇ ಕೀಳೋಕಾಗಲ್ಲ.